ನನ್ನ ಜೇಮ್ಸ್ ಬಾಂಡ್ ಸಿನಿಮಾಗಳ ಪಟ್ಟಿ, ಜಗಳಕ್ಕೆ ಸ್ವಾಗತ

ಮೊದಲ ಸ್ಥಾನ 2006ರ ‘ಕ್ಯಾಸಿನೋ ರಾಯಲ್’ಗೆ, ಅದರಲ್ಲಿ ಚೌಕಾಸಿ ಇಲ್ಲ. ಶುರುವಿನ ಆ ಓಟ ನೆನಪಿದೆ ಅಲ್ವಾ? ಮುಂದೆ ಓಡುವವನು ಗೋಡೆಯ ಮೇಲಿನ ಸಣ್ಣ ಕಿಂಡಿಯಲ್ಲಿ ಬೆಕ್ಕಿನ ಹಾಗೆ ನುಸುಳಿಬಿಡುತ್ತಾನೆ, ಹಿಂದೆ ಬಂದ ಡೇನಿಯಲ್ ಕ್ರೇಗ್ ಆ ಗೋಡೆಯನ್ನೇ ಒಡೆದುಕೊಂಡು ನುಗ್ಗುತ್ತಾನೆ. ಈ ಬಾಂಡ್ ಎಂಥವನು ಅಂತ ಹೇಳೋಕೆ ಒಂದು ಡೈಲಾಗೂ ಬೇಕಾಗಲಿಲ್ಲ.

ಎರಡನೆಯದು 1963ರ ‘ಫ್ರಮ್ ರಷ್ಯಾ ವಿತ್ ಲವ್’. ರೈಲಿನ ಇಕ್ಕಟ್ಟಾದ ಬೋಗಿಯಲ್ಲಿ ಶಾನ್ ಕಾನರಿ, ರಾಬರ್ಟ್ ಶಾ ಬಡಿದಾಡುವುದನ್ನು ಈಗ ನೋಡಿದರೂ ಮೈ ಬಿಗಿಯಾಗುತ್ತದೆ.

ತಳದಲ್ಲಿರೋದು 2002ರ ‘ಡೈ ಅನದರ್ ಡೇ’. ಕಣ್ಣಿಗೆ ಕಾಣದ ಕಾರಂತೆ! ಪಿಯರ್ಸ್ ಬ್ರಾಸ್ನನ್ ಪಾಪ, ‘ಗೋಲ್ಡನ್‌ಐ’ನಲ್ಲಿ ಎಷ್ಟು ಚೆನ್ನಾಗಿದ್ದರು. ಗ್ಯಾಜೆಟ್ ಜಾಸ್ತಿಯಾದಷ್ಟೂ ಬಾಂಡ್‌ಗೆ ಏನೂ ಆಗಲ್ಲ ಅಂತ ನಮಗೆ ಮೊದಲೇ ಗೊತ್ತಾಗಿಬಿಡುತ್ತದೆ, ಆಮೇಲೆ ಸುಮ್ನೆ ಪಾಪ್‌ಕಾರ್ನ್ ತಿನ್ನೋದಷ್ಟೇ ಕೆಲಸ.

1979ರ ‘ಮೂನ್‌ರೇಕರ್’ ಬಾಹ್ಯಾಕಾಶಕ್ಕೆ ಹೋಯಿತು, ಅಲ್ಲೇ ಇರಲಿ.

‘ಆಕ್ಟೋಪಸ್ಸಿ’ಯನ್ನು ಮಾತ್ರ ಯಾರೂ ಬಯ್ಯಬೇಡಿ. ಕಥೆ ಏನೋ ಒಂದು. ಆದರೆ ಉದಯಪುರದ ಆಟೋ ಚೇಸ್‌ನಲ್ಲಿ ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಟೆನಿಸ್ ರಾಕೆಟ್‌ನಲ್ಲೇ ರೌಡಿಗಳಿಗೆ ಬಾರಿಸುತ್ತಿದ್ದರೆ, ಸುತ್ತ ನಿಂತ ಜನ ಮ್ಯಾಚ್ ನೋಡೋ ಥರ ಅತ್ತ ಇತ್ತ ತಲೆ ತಿರುಗಿಸುತ್ತಾರೆ ನೋಡಿ, ಅದೊಂದಕ್ಕೇ ಪಾಸು.