ಕನ್ನಡದ ಗಿಣಿಯ ತಮಿಳು

ಎರಡನೆಯ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕುಳಿತಿದ್ದೆ. ನನ್ನ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಬಂತು. ಎದುರಿಗೆ ಕುಳಿತಿದ್ದ ತಮಿಳು ಟೀಚರ ಮೊಬೈಲಿಗೆ ತಮಿಳಿನಲ್ಲಿ ಇನ್ನೊಂದು. ಇಬ್ಬರೂ ಒಮ್ಮೆಗೇ ತಲೆಯೆತ್ತಿದೆವು. ಸುದ್ದಿ ಒಂದೇ ಆಗಿತ್ತು. ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ಬಿ. ಸರೋಜಾದೇವಿ ತೀರಿಕೊಂಡಿದ್ದರು. 87 ವರ್ಷ. ಅದು 2025ರ ಜುಲೈ 14, ಸೋಮವಾರ.

‘ನಮ್ಮ ಸರೋಜಾದೇವಿ ಹೋಗಿಬಿಟ್ಟರು ಅಕ್ಕಾ’ ಎಂದು ಟೀಚರ್ ತಮಿಳಿನಲ್ಲಿ ಹೇಳಿದರು. ‘ಎಂಗ ಸರೋಜಾದೇವಿ’ ಎನ್ನಲಿಲ್ಲ, ‘ನಮ್ಮ’ ಎಂದರು. ಕನ್ನಡದಲ್ಲಿ ನಮಗಿರುವುದು ಒಂದೇ ‘ನಮ್ಮ’. ತಮಿಳಿನಲ್ಲಿ ಎರಡಿವೆ. ‘ಎಂಗ’ ಎಂದರೆ ಕೇಳುವವರನ್ನು ಹೊರಗಿಟ್ಟು ನಮ್ಮದು. ‘ನಮ್ಮ’ ಎಂದರೆ ಕೇಳುವವರನ್ನೂ ಸೇರಿಸಿಕೊಂಡು ನಮ್ಮದು. ಗಡಿಯಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಈ ವ್ಯತ್ಯಾಸ ಕೂಡಲೇ ತಟ್ಟುತ್ತದೆ. ನನಗೆ ಗಂಟಲು ಕಟ್ಟಿತು. ಮೂರನೆಯ ಪಿರಿಯಡ್ಡಿಗೆ ಐದು ನಿಮಿಷ ತಡವಾಗಿ ಹೋದೆ.

ನಮ್ಮದು ತಾಳವಾಡಿ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಊರು. ಆದರೆ ಸಂತೆಗೆ, ಆಸ್ಪತ್ರೆಗೆ, ಹೆಣ್ಣು ಕೊಡುವುದಕ್ಕೆ, ತರುವುದಕ್ಕೆ ಎಲ್ಲಕ್ಕೂ ಚಾಮರಾಜನಗರ ಹತ್ತಿರ. ಜಿಲ್ಲಾ ಕಚೇರಿಯ ಕೆಲಸವಿದ್ದರೆ ಮಾತ್ರ ಕಾಡು ದಾಟಿ, ದಿಂಬಂ ಘಟ್ಟದ 27 ತಿರುವು ಇಳಿದು, ಬಣ್ಣಾರಿಯಮ್ಮನಿಗೆ ಕೈಮುಗಿದು ಸತ್ಯಮಂಗಲದ ಕಡೆ ಹೋಗಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಮದ್ರಾಸಿನಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಘಟ್ಟದ ಕೆಳಗೆ ತಮಿಳು. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ತಾಲ್ಲೂಕಿನದೇ ಹಳ್ಳಿ. ಹಾಗಾಗಿ ಅವರು ನಮಗೆ ಊರಿನವರು, ಅವರ ಸಾವು ಊರಿನ ಸೂತಕ. ಸರೋಜಾದೇವಿಯವರೊಂದಿಗೆ ನಮ್ಮ ಮನೆಗಿದ್ದ ಸಂಬಂಧ ಬೇರೆ ತರಹದ್ದು. ಅದು ಅವರ ತಮಿಳಿಗೆ ಸಂಬಂಧಿಸಿದ್ದು.

ಅವ್ವ ಚಾಮರಾಜನಗರದ ಕಡೆಯ ಹಳ್ಳಿಯಿಂದ ತಾಳವಾಡಿಗೆ ಸೊಸೆಯಾಗಿ ಬಂದವಳು. ಬರುವಾಗ ತಮಿಳಿನ ಒಂದು ಅಕ್ಷರ ಗೊತ್ತಿರಲಿಲ್ಲ. ಅಪ್ಪ ವರ್ಷಕ್ಕೊಮ್ಮೆ ಅರಿಶಿನದ ಮೂಟೆಗಳನ್ನು ಈರೋಡಿನ ಮಂಡಿಗೆ ಒಯ್ಯುತ್ತಿದ್ದರು. ಲೆಕ್ಕದಲ್ಲಿ ಅವ್ವ ಗಟ್ಟಿ ಎಂದು ಅವಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೂಟೆ ತೂಕಕ್ಕೆ ಹತ್ತಿದಾಗ ಅವ್ವ ಗಟ್ಟಿಯಾಗಿ ಎಣಿಸುತ್ತಿದ್ದಳು. ಒಂದರಿಂದ ಆರರವರೆಗೆ ತೊಂದರೆಯಿಲ್ಲ. ಏಳಕ್ಕೆ ಬಂದಾಗ ಹಮಾಲಿಗಳು ನಗುತ್ತಿದ್ದರು. ತಮಿಳಿನ ‘ಏೞು’ ಅವ್ವನ ಬಾಯಲ್ಲಿ ನಮ್ಮ ‘ಏಳು’ವೇ ಆಗುತ್ತಿತ್ತು. ಆ ೞ ಅಕ್ಷರ ಒಂದು ಕಾಲಕ್ಕೆ ನಮ್ಮ ಭಾಷೆಯಲ್ಲೂ ಇತ್ತು, ಹಳಗನ್ನಡದ ಶಾಸನಗಳಲ್ಲಿ ಈಗಲೂ ಕಾಣುತ್ತದೆ. ನಮ್ಮ ನಾಲಿಗೆ ಅದನ್ನು ಶತಮಾನಗಳ ಹಿಂದೆಯೇ ಕೈಬಿಟ್ಟಿತು. ಅವ್ವನಿಗೆ ಇದೆಲ್ಲ ತಿಳಿಯದು. ಅವಳ ಉತ್ತರ ಒಂದೇ: ‘ಸರೋಜಾದೇವಿಯೂ ಹೀಗೆಯೇ ಮಾತನಾಡುವುದು. ಅವಳನ್ನು ನೋಡಲು ದುಡ್ಡು ಕೊಟ್ಟು ಹೋಗುತ್ತೀರಲ್ಲ!’ ಈ ಮಾತಿಗೆ ಮಂಡಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲವಂತೆ. ಎಂ.ಜಿ.ಆರ್. ಜೊತೆ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಕಿಯಾದವರ ಹೆಸರು ಹೇಳಿದ ಮೇಲೆ ಈರೋಡಿನಲ್ಲಿ ಯಾರು ತಾನೇ ಏನೆನ್ನುತ್ತಾರೆ?

ಈ ಹೆಮ್ಮೆ ನನಗೆ ಅರ್ಥವಾಗಲು ಸತ್ಯಮಂಗಲದ ಹಾಸ್ಟೆಲ್ ಬೇಕಾಯಿತು. 1985ರಲ್ಲಿ, ಎಂಟನೆಯ ತರಗತಿಗೆ, ಅಪ್ಪ ನನ್ನನ್ನು ಅಲ್ಲಿಯ ಶಾಲೆಗೆ ಸೇರಿಸಿದರು. ಮೊದಲ ತಿಂಗಳಲ್ಲೇ ತಮಿಳು ಪಾಠ ಓದಲು ಎಬ್ಬಿಸಿ ನಿಲ್ಲಿಸಿದರು. ಮಳೆಯ ಬಗೆಗಿನ ಪಾಠ. ಪ್ರತಿ ಎರಡನೆಯ ಸಾಲಿನಲ್ಲೂ ‘ಮೞೈ’. ನಾನು ಪ್ರತಿ ಸಲವೂ ‘ಮಳೈ’ ಎಂದೆ. ತರಗತಿ ನಕ್ಕಿತು. ಟೀಚರೂ ನಕ್ಕರು, ಅದನ್ನು ಮರೆಯಲು ನನಗೆ ಬಹಳ ವರ್ಷ ಹಿಡಿಯಿತು. ಅದಾದ ಮೇಲೆ ಹಾಸ್ಟೆಲಿನಲ್ಲಿ ನನಗೆ ‘ಮಳೈ’ ಎಂದೇ ಹೆಸರಾಯಿತು. ಊಟದ ಸಾಲಿನಲ್ಲಿ, ನಲ್ಲಿಯ ಹತ್ತಿರ, ಎಲ್ಲೆಲ್ಲೂ. ನಾನು ಮಾತನಾಡುವುದನ್ನೇ ಬಿಟ್ಟೆ.

ಹುರಿಹಿಟ್ಟು, ಕೋಡುಬಳೆ ಕಟ್ಟಿಕೊಂಡು ಒಂದು ಭಾನುವಾರ ಅವ್ವ ಬಂದಳು. ನಾನು ಅತ್ತೆ, ಊರಿಗೆ ಕರೆದುಕೊಂಡು ಹೋಗು ಎಂದೆ. ಅವ್ವ ಏನೂ ಹೇಳಲಿಲ್ಲ. ವಾರ್ಡನ್ ಹತ್ತಿರ ಸಂಜೆಯವರೆಗೆ ಅನುಮತಿ ಕೇಳಿ ನನ್ನನ್ನು ಹೊರಡಿಸಿಕೊಂಡು ನೇರವಾಗಿ ಟಾಕೀಸಿಗೆ ನಡೆದಳು. ‘ನಾಡೋಡಿ ಮನ್ನನ್’ ಹಾಕಿದ್ದರು. 1958ರ ಚಿತ್ರ, ಎಂ.ಜಿ.ಆರ್. ತಾವೇ ನಿರ್ಮಿಸಿ ನಿರ್ದೇಶಿಸಿದ್ದು. ನಾವು ನೋಡುವ ಹೊತ್ತಿಗೆ ಅವರು ಮುಖ್ಯಮಂತ್ರಿ. ಹಳೆಯ ಚಿತ್ರ ಎಷ್ಟನೆಯ ಸಲ ಬಂದರೂ ಟಾಕೀಸು ತುಂಬುತ್ತಿತ್ತು. ಪರದೆಯ ಮುಂದೆ ಕರ್ಪೂರ ಹಚ್ಚುವವರು, ಚಿಲ್ಲರೆ ಎರಚುವವರು. ಬೆಂಚಿನ ಮೇಲೆ ಅವ್ವನಿಗೆ ಅಂಟಿ ಕುಳಿತೆ.

ಎಷ್ಟು ಹೊತ್ತಾದರೂ ಸರೋಜಾದೇವಿಯ ಸುಳಿವಿಲ್ಲ. ‘ಎಲ್ಲಿ ಅವಳು?’ ಎಂದು ಮತ್ತೆ ಮತ್ತೆ ಕೇಳಿದೆ. ‘ತಾಳು, ಬಣ್ಣ ಬರಲಿ’ ಎಂದಳು ಅವ್ವ. ಆ ಚಿತ್ರದ ಬಹುಭಾಗ ಕಪ್ಪು ಬಿಳುಪು. ಕೊನೆಯ ಭಾಗ ಮಾತ್ರ ವರ್ಣದಲ್ಲಿದೆ, ಸರೋಜಾದೇವಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ಹದಿಮೂರು ವರ್ಷದ ನನಗೆ ಅದು ಗೊತ್ತಿರಲಿಲ್ಲ. ಪರದೆ ಇದ್ದಕ್ಕಿದ್ದಂತೆ ಹಸಿರು, ಕೆಂಪು, ನೀಲಿಯಾಗಿ ತೆರೆದುಕೊಂಡಿತು, ಅದರೊಳಗಿಂದ ಅವರು ಬಂದರು. ಅವರು ಬಂದದ್ದರಿಂದಲೇ ಬಣ್ಣ ಬಂತು ಎಂದು ನಂಬಿದೆ. ಆ ನಂಬಿಕೆಯನ್ನು ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ.

ಆಮೇಲೆ ಅವರು ಮಾತನಾಡಿದರು. ಮುದ್ದು ಮುದ್ದಾಗಿ, ಪದದ ಕೊನೆಯನ್ನು ಸ್ವಲ್ಪ ಎಳೆದು, ಎತ್ತಿ. ೞ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ಹಿಡಿಯುವಷ್ಟು ನನಗೆ ತಮಿಳು ಬರುತ್ತಿರಲಿಲ್ಲ. ಆದರೆ ಆ ರಾಗ ನಮ್ಮದು. ನಮ್ಮ ಮನೆಯ ಜಗಲಿಯ ರಾಗ, ತಮಿಳು ಮಾತನಾಡುವಾಗ ನಮ್ಮ ಬೀದಿಯ ಹೆಂಗಸರ ದನಿ ಏರುವ ಇಳಿಯುವ ರೀತಿ. ಅವ್ವ ನನ್ನ ತೊಡೆ ಚಿವುಟಿ ‘ಕೇಳಿದೆಯಾ?’ ಎಂದಳು. ನಾನು ಸುತ್ತ ತಿರುಗಿ ನೋಡಿದೆ. ಯಾರೂ ನಗುತ್ತಿರಲಿಲ್ಲ. ಪಕ್ಕದ ಬೆಂಚಿನ ಹೆಂಗಸು ಅವರ ಮಾತನ್ನು ಅವರದೇ ರಾಗದಲ್ಲಿ, ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು.

ಮರುದಿನ ತರಗತಿಯಲ್ಲಿ ಮತ್ತೆ ಓದಿಸಿದರು, ಮತ್ತೆ ನಕ್ಕರು. ಆದರೆ ಈ ಸಲ ಪಾಠ ಮುಗಿಯುವವರೆಗೆ ಓದಿದೆ.

ತಮಿಳರು ಅವರನ್ನು ‘ಕನ್ನಡತ್ತು ಪೈಂಗಿಳಿ’ ಎಂದು ಕರೆದರು, ಕನ್ನಡದ ಹಸಿರು ಗಿಣಿ ಎಂದು. ಕನ್ನಡದವರಿಗೆ ಅವರು ‘ಅಭಿನಯ ಸರಸ್ವತಿ’. ತಮಿಳರು ಕೊಟ್ಟ ಬಿರುದಿನಲ್ಲೇ ಕನ್ನಡ ಇರುವುದು ನನಗೆ ಬಲು ದೊಡ್ಡದಾಗಿ ಕಾಣುತ್ತದೆ. ಅವರ ಮಾತಿನೊಳಗಿನ ಕನ್ನಡವನ್ನು ತೊಳೆದು ತೆಗೆಯಬೇಕೆಂದು ಅಲ್ಲಿನ ಪ್ರೇಕ್ಷಕರು ಕೇಳಲಿಲ್ಲ. ಅದನ್ನೇ ಎತ್ತಿ ಹೆಸರಾಗಿ ಇಟ್ಟರು.

ಆ ಸೋಮವಾರ ಶಾಲೆ ಬಿಟ್ಟ ಮೇಲೆ ಟೀಚರೂ ನನ್ನ ಜೊತೆ ಮನೆಗೆ ಬಂದರು. ಅವರು ಗೋಬಿಚೆಟ್ಟಿಪಾಳ್ಯದ ಕಡೆಯವರು, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಾರೆ. ದಾರಿಯಲ್ಲಿ ಒಂದು ಮೊಳ ಸತ್ಯಮಂಗಲದ ಮಲ್ಲಿಗೆ ಕೊಂಡರು. ಮನೆಯಲ್ಲಿ ಸರೋಜಾದೇವಿಯ ಪಟವಿಲ್ಲ. ಅವ್ವ ಹೂವನ್ನು ಟಿ.ವಿ.ಯ ಮೂಲೆಗೆ ಸಿಕ್ಕಿಸಿದಳು. ಅವಳಿಗೆ ಈಗ ಎಂಬತ್ತು; ಪೊರೆಯ ಆಪರೇಷನ್ ಆಗಿ ಮೂರು ವಾರವಾಗಿತ್ತು, ಹೆಚ್ಚು ಹೊತ್ತು ಟಿ.ವಿ. ನೋಡಬಾರದೆಂದು ಹೇಳಿದ್ದರು. ಆ ದಿನ ಅವಳನ್ನು ತಡೆಯಲು ನನ್ನಿಂದ ಆಗಲಿಲ್ಲ.

ರಿಮೋಟ್ ಅವಳ ಕೈಯಲ್ಲೇ. ತಮಿಳು ಚಾನೆಲ್ಲಿನಲ್ಲಿ ಎಂ.ಜಿ.ಆರ್. ಪಕ್ಕದಲ್ಲಿ ಕುಣಿಯುವ ಸರೋಜಾದೇವಿ. ಒತ್ತಿದರೆ ಕನ್ನಡ ಚಾನೆಲ್. ಅಲ್ಲಿ ಕತ್ತಿ ಹಿಡಿದ ಕಿತ್ತೂರು ಚೆನ್ನಮ್ಮ. 1961ರಲ್ಲಿ ಆ ಚಿತ್ರ ಬಂದಾಗ ಅವ್ವನಿಗಿನ್ನೂ ಮದುವೆಯಾಗಿರಲಿಲ್ಲ. ಚಾಮರಾಜನಗರದ ಟೆಂಟಿನಲ್ಲಿ, ಮರಳಿನ ಮೇಲೆ ಕುಳಿತು ನೋಡಿದ್ದಳು. ಮಲ್ಲಸರ್ಜನಾಗಿ ರಾಜ್‌ಕುಮಾರ್. ಕಪ್ಪ ಕೇಳಿದ ಇಂಗ್ಲಿಷಿನವನಿಗೆ ರಾಣಿ ಕೊಡುವ ಉತ್ತರ ಬಂದಾಗ ಅವ್ವ ಟೀಚರ ಕಡೆ ತಿರುಗಿ, ‘ನೋಡಮ್ಮ, ಕನ್ನಡದಲ್ಲಿ ಹೇಗೆ ಗುಡುಗುತ್ತಾಳೆ!’ ಎಂದಳು. ಟೀಚರ್ ಬೆರಗಿನಿಂದ ನೋಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಲಲ್ಲೆಗರೆಯುವ, ಮುನಿಯುವ, ಓಡಿ ಮರದ ಹಿಂದೆ ನಿಲ್ಲುವ ಸರೋಜಾದೇವಿ ಮಾತ್ರ.

ನಡುವೆ ಪುನೀತ್ ಅವರ ಜೊತೆಗಿನ ಚಿತ್ರ ತೋರಿಸಿದರು. 1984ರಲ್ಲಿ ಆ ಹುಡುಗ ಬಾಲನಟನಾಗಿದ್ದಾಗ ‘ಯಾರಿವನು’ ಚಿತ್ರದಲ್ಲಿ ಒಟ್ಟಿಗೆ ಇದ್ದರು. ಮತ್ತೆ 2019ರಲ್ಲಿ, ಆತ ದೊಡ್ಡ ನಟನಾದ ಮೇಲೆ, ‘ನಟಸಾರ್ವಭೌಮ’ದಲ್ಲಿ. ‘ಆ ಮಗು ಮೊದಲು ಹೋಯಿತು’ ಎಂದಳು ಅವ್ವ. 2021ರ ಅಕ್ಟೋಬರ್ 29ರಂದು ಅವಳು ಒಲೆ ಹಚ್ಚಿರಲಿಲ್ಲ. ಅದರ ಬಗ್ಗೆ ಇನ್ನೇನೂ ಹೇಳಲಿಲ್ಲ, ಚಾನೆಲ್ ಬದಲಾಯಿಸಿದಳು.

ಕಾಫಿ ಕುಡಿಯುತ್ತ ಟೀಚರ್ ತಮ್ಮ ಅಜ್ಜಿಯ ಕಥೆ ಹೇಳಿದರು. ಅಜ್ಜಿಯ ಹರೆಯದ ಕಾಲಕ್ಕೆ ಅವರೂರಿನ ಹುಡುಗಿಯರೆಲ್ಲ ಕನ್ನಡಿ ಮುಂದೆ ನಿಂತು ಸರೋಜಾದೇವಿಯ ಹಾಗೆ ಮಾತನಾಡುವುದನ್ನು ಅಭ್ಯಾಸ ಮಾಡುತ್ತಿದ್ದರಂತೆ. ಸಾಯುವವರೆಗೂ ಅಜ್ಜಿಯ ಮಾತಿನಲ್ಲಿ ಆ ಎಳೆತ ಉಳಿದಿತ್ತಂತೆ.

ನನಗೆ ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಹಾಗಾದರೆ ನನ್ನನ್ನು ಯಾಕೆ ನಕ್ಕಿರಿ ಎಂದು ಕೇಳಬೇಕೆನಿಸಿತು, ನಾನು ಹಾಸ್ಟೆಲಿನಲ್ಲಿ ಅತ್ತಾಗ ಇನ್ನೂ ತೊಟ್ಟಿಲಿನಲ್ಲಿದ್ದ ಈ ಹೆಂಗಸನ್ನು. ಕೇಳಲಿಲ್ಲ. ನಲವತ್ತು ವರ್ಷದ ಹಿಂದಿನ ಮಾತನ್ನು ಮಾತ್ರ ಹೇಳಿದೆ: ಮಳೆಯ ಪಾಠ, ಊಟದ ಸಾಲು, ಅಡ್ಡಹೆಸರು. ಇದನ್ನು ಅವ್ವನ ಮುಂದೆ ಇಷ್ಟು ಬಿಡಿಸಿ ಹೇಳಿದ್ದೂ ಅದೇ ಮೊದಲು. ಟೀಚರ್ ಲೋಟ ಕೆಳಗಿಟ್ಟರು. ‘ನನ್ನ ತರಗತಿಯಲ್ಲಿ ಕನ್ನಡದ ಮಕ್ಕಳು ಓದುವಾಗ ನಾನೂ ಒಂದೆರಡು ಸಲ ನಕ್ಕಿದ್ದೇನೆ ಅಕ್ಕಾ’ ಎಂದರು. ಸ್ವಲ್ಪ ಹೊತ್ತು ಮೂವರೂ ಸುಮ್ಮನಿದ್ದೆವು. ಟಿ.ವಿ.ಯಲ್ಲಿ ಅವರು ನಗುತ್ತಿದ್ದರು.

ಆ ಮೌನವನ್ನು ಮುರಿದದ್ದು ಅವ್ವ. ‘ಆ ಅಕ್ಷರ ನನಗೊಂದು ಸಲ ಹೇಳಿಕೊಡಮ್ಮ, ನೋಡೋಣ’ ಎಂದಳು. ಟೀಚರ್ ಹತ್ತಿರ ಸರಿದು ಕುಳಿತು, ನಾಲಿಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಹೇಗೆ ಹೇಳಬೇಕೆಂದು ತೋರಿಸಿದರು. ಅವ್ವ ಪ್ರಯತ್ನಿಸಿದಳು. ಹಲ್ಲಿಲ್ಲದ ಬಾಯಿಂದ ಮೊದಲು ಗಾಳಿ ಬಂತು, ಆಮೇಲೆ ‘ಯ’ ಬಂತು, ಕೊನೆಗೆ ಮತ್ತೆ ಅದೇ ‘ಳ’. ಮೂವರೂ ನಕ್ಕೆವು. ಬೆಳಿಗ್ಗೆಯಿಂದ ಅವ್ವ ನಕ್ಕದ್ದು ಅದೇ ಮೊದಲು.

ಮರುದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ, ಅವರ ಸ್ವಂತ ಊರಿನ ಮಣ್ಣಿನಲ್ಲಿ, ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸರೋಜಾದೇವಿಯವರ ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಮಗಳಿಗೆ ಪೊಲೀಸರೇ ಕೊನೆಯ ವಂದನೆ ಕೊಟ್ಟರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನೂ ಟೀಚರೂ ಒಂದೇ ಮೊಬೈಲಿನಲ್ಲಿ ಆ ದೃಶ್ಯಗಳನ್ನು ನೋಡಿದೆವು. ಮನೆಯಲ್ಲಿ ಅವ್ವ ಅಷ್ಟು ಹೊತ್ತಿಗೆ ಎಲ್ಲವನ್ನೂ ನೋಡಿ ಮುಗಿಸಿದ್ದಳು. ‘ಊರಿಗೆ ಕರೆದುಕೊಂಡು ಹೋದರು, ಒಳ್ಳೆಯದಾಯಿತು’ ಎಂದಳು.

ರಾತ್ರಿ ಅವಳ ಕಣ್ಣಿಗೆ ಹನಿ ಹಾಕುವಾಗ, ಸರೋಜಾದೇವಿ ಕಣ್ಣುಗಳನ್ನು ದಾನ ಮಾಡಿದ್ದಾರೆ ಎಂದು ಹೇಳಿದೆ. ಅವ್ವ ಮೇಲೆ ನೋಡುತ್ತ ಮಲಗಿದ್ದವಳು ಅಲುಗಲಿಲ್ಲ.

‘ಕನ್ನಡದವರಿಗೆ ಹಾಕುತ್ತಾರೋ, ತಮಿಳರಿಗೋ?’

‘ಅದೆಲ್ಲ ಹೇಳುವುದಿಲ್ಲ ಅವ್ವಾ.’

‘ಯಾರಿಗಾದರೂ ಹಾಕಲಿ’ ಎಂದು ಕಣ್ಣು ಮುಚ್ಚಿದಳು. ಹನಿ ಕೆನ್ನೆಗೆ ಇಳಿಯಿತು, ಒರೆಸಿದೆ.

ದೀಪ ಆರಿಸಿ ನನ್ನ ಹಾಸಿಗೆಗೆ ಬಂದೆ. ನಿದ್ದೆ ಹತ್ತುವ ಹೊತ್ತಿಗೆ ಕತ್ತಲಲ್ಲಿ ಪಿಸುದನಿಯ ತಮಿಳು ಕೇಳಿಸಿತು. ಒಂದರಿಂದ ಎಣಿಸುತ್ತಿದ್ದಳು, ಮಂಡಿಯಲ್ಲಿ ಮೂಟೆ ಎಣಿಸಿದ ಹಾಗೆ, ಒಂದೊಂದಕ್ಕೂ ನಡುವೆ ಉಸಿರು ತೆಗೆದುಕೊಂಡು. ಆರರ ನಂತರ ಸ್ವಲ್ಪ ನಿಲ್ಲಿಸಿದಳು. ಆಮೇಲೆ ‘ಏಳು’ ಎಂದಳು.