ಅಕ್ಷಿತ ಶ್ರವಸ್ಸು

ಬಿ.ಎ. ಎರಡನೆಯ ವರ್ಷದಲ್ಲಿ, ಟ್ರಾಯ್ ನಗರದ ಮೇಲೆ ಗ್ರೀಕರು ನಡೆಸಿದ ಯುದ್ಧವನ್ನು ಹಾಡುವ ಹೋಮರನ ಇಲಿಯಡ್ ಕಾವ್ಯದ ಕೆಲವು ಸರ್ಗಗಳು ನಮಗೆ ಪಠ್ಯವಾಗಿದ್ದವು. ನಮ್ಮ ಗುರುಗಳು ಸಂಜೆ ನಮ್ಮನ್ನು ಕೂರಿಸಿಕೊಂಡು 24 ಸರ್ಗಗಳನ್ನೂ ಓದಿಸಿದರು. ಓದುತ್ತಿದ್ದುದು ಅನುವಾದವೇ ಆದರೂ ಕೆಲವು ಗ್ರೀಕ್ ಪದಗಳನ್ನು ಅವರು ಗ್ರೀಕಿನಲ್ಲಿಯೇ ಉಳಿಸಿಕೊಳ್ಳುತ್ತಿದ್ದರು. ‘ಕ್ಲಿಯೊಸ್’ ಎಂಬುದಕ್ಕೆ ನಾನು ‘ಕೀರ್ತಿ’ ಎಂದು ಬರೆದುಕೊಂಡಾಗ, ಅದು ಕೇಳು ಎಂಬ ಅರ್ಥದ ಧಾತುವಿನಿಂದ ಬಂದದ್ದು, ವೀರನು ಸತ್ತ ಮೇಲೂ ಗಾಯಕನ ಹಾಡಿನಲ್ಲಿ ಜನರ ಕಿವಿಗೆ ಬೀಳುತ್ತಿರುವುದೇ ಕ್ಲಿಯೊಸ್ ಎಂದು ತಿದ್ದಿದರು. ಒಂಬತ್ತನೆಯ ಸರ್ಗದಲ್ಲಿ ಗ್ರೀಕರ ಮಹಾವೀರ ಅಕಿಲೀಸನು ತನ್ನ ಮುಂದಿರುವ ಎರಡು ವಿಧಿಗಳನ್ನು ಹೇಳುತ್ತಾನೆ: ಊರಿಗೆ ಮರಳಿದರೆ ದೀರ್ಘಾಯುಷ್ಯ, ಟ್ರಾಯ್‌ನಲ್ಲಿ ನಿಂತು ಕಾದಿದರೆ ಎಂದೂ ಕ್ಷಯಿಸದ ಕ್ಲಿಯೊಸ್. ಅಲ್ಲಿನ ‘ಕ್ಲಿಯೊಸ್ ಆಫ್ಥಿತೊನ್’ ಎಂಬ ನುಡಿಗೂ ಅದೇ ಅರ್ಥದ, ಋಗ್ವೇದದ ‘ಅಕ್ಷಿತ ಶ್ರವಸ್ಸಿ’ಗೂ ಇರುವ ನಂಟನ್ನು ಅಡಾಲ್ಬರ್ಟ್ ಕೂನ್ ಎಂಬ ಜರ್ಮನ್ ವಿದ್ವಾಂಸರು 1853ರಲ್ಲಿಯೇ ಗುರುತಿಸಿದ್ದರು. ಸಂಸ್ಕೃತವನ್ನೂ ಓದುತ್ತಿದ್ದ ನನಗೆ ಆ ಸಂಜೆ ಆದ ರೋಮಾಂಚನ ಇನ್ನೂ ಮಾಸಿಲ್ಲ.

‘ತಿಮೆ’ ಎಂಬ ಪದ ಇದಕ್ಕಿಂತ ಕಠಿಣವಾಗಿತ್ತು. ಅದೂ ಗೌರವವೇ, ಆದರೆ ಕಣ್ಣಿಗೆ ಕಾಣುವ, ಎಣಿಕೆಗೆ ಸಿಕ್ಕುವ ಗೌರವ. ಯುದ್ಧದ ಕೊಳ್ಳೆಯಲ್ಲಿ ವೀರನಿಗೆಂದು ಎತ್ತಿಡುವ ವಿಶೇಷ ಪಾಲು, ಅಂದರೆ ‘ಗೆರಾಸ್’, ಅದರ ಗುರುತು. ಗ್ರೀಕ್ ಸೇನೆಯ ಒಡೆಯನಾದ ಅರಸ ಅಗಮೆಮ್ನಾನನು, ಅಕಿಲೀಸನಿಗೆ ಗೆರಾಸ್ ಆಗಿ ಸಂದಿದ್ದ ಸೆರೆಯಾಳು ಬ್ರೈಸಿಯಿಸಳನ್ನು ಕಿತ್ತುಕೊಂಡಾಗ ಅಕಿಲೀಸನು ಕೆರಳುವುದನ್ನು ನಾವು ಹಟವೆಂದು ಭಾವಿಸಿದ್ದೆವು. ಸೇನೆಯೇ ಕೊಟ್ಟ ಮರ್ಯಾದೆಯನ್ನು ಒಬ್ಬ ಅರಸನು ಹಿಂದಕ್ಕೆ ಪಡೆಯಬಹುದಾದರೆ ವೀರನು ಪ್ರಾಣವನ್ನು ಒಡ್ಡುವುದು ಯಾವುದಕ್ಕಾಗಿ ಎಂದು ಗುರುಗಳು ಕೇಳಿದ ಮೇಲೆ ಆ ಕ್ರೋಧದ ಆಳ ತಿಳಿಯಿತು. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ಏಜಾಕ್ಸ್ ನಾಟಕದಲ್ಲಿಯೂ ಇದೇ ಗಾಯವಿದೆ: ಸತ್ತ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಸಿಯಸನಿಗೆ ಸಂದವೆಂಬ ಅವಮಾನವನ್ನು ಏಜಾಕ್ಸ್ ತಾಳಲಾರ. ಬಿಎಂಶ್ರೀಯವರು ಆ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದದ್ದು ಎಷ್ಟು ಸೂಕ್ಷ್ಮವಾದ ಆಯ್ಕೆಯೆಂಬುದು ನನಗೆ ಅರಿವಾದದ್ದೂ ಆಗಲೇ.

ಟ್ರಾಯ್‌ನ ರಾಜಕುಮಾರ ಹೆಕ್ಟರನ ಪದ ‘ಐದೋಸ್’, ತನ್ನವರೆದುರಿನ ಲಜ್ಜೆ. ಕೋಟೆಯೊಳಗೇ ಇರೆಂದು ಹೆಂಡತಿ ಬೇಡಿಕೊಂಡಾಗ, ಹೇಡಿಯಂತೆ ಹಿಂದೆ ಸರಿದರೆ ಟ್ರಾಯ್‌ನ ಗಂಡಸರಿಗೂ ಹೆಂಗಸರಿಗೂ ಹೇಗೆ ಮುಖ ತೋರಿಸಲಿ ಎನ್ನುತ್ತಾನೆ. ನನಗೆ ಅಂದಿಗೂ ಇಂದಿಗೂ ಅಕಿಲೀಸನಿಗಿಂತ ಇವನೇ ಪ್ರಿಯ.

ಕಾಲೇಜಿನ ಪರೀಕ್ಷೆಯಲ್ಲಿ, ಹತ್ತೊಂಬತ್ತನೆಯ ಸರ್ಗದಲ್ಲಿ ಅಗಮೆಮ್ನಾನನ ಕಾಣಿಕೆಗಳೆಲ್ಲ ಬಂದು ಸೇರಿದ್ದರಿಂದ ಅಕಿಲೀಸನ ತಿಮೆ ಮರಳಿತು ಎಂದು ಬರೆದಿದ್ದೆ. ಗುರುಗಳು ಅಂಚಿನಲ್ಲಿ ‘ಹಾಗಾದರೆ ಕೊನೆಯ ಸರ್ಗ ಏಕೆ ಬೇಕು?’ ಎಂದು ಕೆಂಪು ಶಾಯಿಯಲ್ಲಿ ಬರೆದರು. ಪ್ರಿಯ ಗೆಳೆಯ ಪೆಟ್ರೊಕ್ಲಸನು ಹೆಕ್ಟರನ ಕೈಯಲ್ಲಿ ಸತ್ತ ಮೇಲೆ ಆ ಕಾಣಿಕೆಗಳು ಅಕಿಲೀಸನಿಗೆ ಬೇಕಾಗಿಯೇ ಇರಲಿಲ್ಲವೆಂಬುದನ್ನು ನಾನು ಗಮನಿಸಿರಲಿಲ್ಲ. ಕೊನೆಯ ಸರ್ಗದಲ್ಲಿ ಹೆಕ್ಟರನ ತಂದೆ, ಟ್ರಾಯ್‌ನ ಮುದಿ ಅರಸ ಪ್ರಯಾಮನು, ತನ್ನ ಮಕ್ಕಳನ್ನು ಕೊಂದ ಅಕಿಲೀಸನ ಕೈಗಳಿಗೆ ಮುತ್ತಿಟ್ಟು ಮಗನ ಶವವನ್ನು ಬೇಡುತ್ತಾನೆ. ಅಕಿಲೀಸನು ದೂರದಲ್ಲಿರುವ ತನ್ನ ತಂದೆಯನ್ನು ನೆನೆದು ಅಳುತ್ತಾನೆ, ಹೆಕ್ಟರನ ದೇಹವನ್ನು ತೊಳೆಸಿ ತಾನೇ ಎತ್ತಿ ಮಂಚದ ಮೇಲೆ ಮಲಗಿಸುತ್ತಾನೆ, ಅಂತ್ಯಸಂಸ್ಕಾರಕ್ಕೆ ಎಷ್ಟು ದಿನ ಬೇಕೆಂದು ಕೇಳಿ ಅಷ್ಟು ದಿನ ಯುದ್ಧವನ್ನು ತಡೆಹಿಡಿಯುವುದಾಗಿ ಮಾತು ಕೊಡುತ್ತಾನೆ. ಆ ಉತ್ತರಪತ್ರಿಕೆ ಇನ್ನೂ ನನ್ನ ಬಳಿಯಿದೆ. ನನ್ನ ತಂದೆ ತೀರಿಕೊಂಡ ವರ್ಷ ಆ ಸರ್ಗವನ್ನು ಮತ್ತೆ ಓದಿ, ಕೆಂಪು ಅಕ್ಷರಗಳ ಕೆಳಗೆ ನನ್ನ ಉತ್ತರವನ್ನು ಬರೆದಿಟ್ಟೆ.