ಕಾರ್ಟ್ ಆರಿಸೋಕೆ ಮುಂಚೆ ಪ್ಯಾಕಿಂಗ್ ಟೇಬಲ್ ಹತ್ರ ಒಂದು ದಿನ ಕೂರಿ

ಶಿರಸಿ ಕಡೆಯ ಅಕ್ಕ ಒಬ್ಬರು ಮೊದಲ ತಿಂಗಳ ಕೊರಿಯರ್ ಬಿಲ್ಲಿನ ಫೋಟೋ ಕಳಿಸಿ, "ತಮಾ, ಎಂತ ಇದು? ಹಪ್ಪಳದ ದುಡ್ಡೆಲ್ಲ ಕೊರಿಯರ್‌ಗೇ ಹೋಯ್ತಲ್ಲ" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಆನ್‌ಲೈನ್ ಅಂಗಡಿಗೆ ಶಾಪಿಂಗ್ ಕಾರ್ಟ್, ಅಂದರೆ ಆರ್ಡರ್, ದುಡ್ಡು, ಶಿಪ್ಪಿಂಗ್ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್, ಆರಿಸಿಕೊಟ್ಟವನು ನಾನೇ.

ನಾವು ಹುಬ್ಬಳ್ಳಿಯಲ್ಲಿ ಮೂರು ಜನ ಸೇರಿ ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಈ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತಾರೆ. ಜೊತೆಗೆ ಊರಿನ ನಾಲ್ಕು ಹೆಂಗಸರು ಕೆಲಸ ಮಾಡುತ್ತಾರೆ. ಅಲ್ಲಿವರೆಗೂ ಎಲ್ಲ ಆರ್ಡರ್ ವಾಟ್ಸಾಪ್‌ನಲ್ಲೇ. ಗಿರಾಕಿ ಅಡ್ರೆಸ್ಸನ್ನು ಮೂರು ಮೆಸೇಜಲ್ಲಿ ಕಳಿಸ್ತಾರೆ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಕಳಿಸ್ತಾರೆ, ಇವರು ಅದನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾರೆ. ವಾರಕ್ಕೆ ಮೂವತ್ತು ನಲವತ್ತು ಆರ್ಡರ್ ಆದಾಗ ನೋಟ್‌ಬುಕ್ ಸಾಕಾಗಲಿಲ್ಲ.

ನಾನು ಆಫೀಸಲ್ಲೇ ಕೂತು ನಾಲ್ಕೈದು ಕಾರ್ಟ್‌ಗಳ ಡೆಮೊ ನೋಡಿದೆ. ಯಾವುದರಲ್ಲಿ ಏನೇನಿದೆ ಅಂತ ಒಂದು ಶೀಟ್ ಮಾಡಿ ಟಿಕ್ ಹಾಕುತ್ತಾ ಹೋದೆ. ಜಾಸ್ತಿ ಟಿಕ್ ಬಿದ್ದ, ನೋಡೋಕೂ ಚೆನ್ನಾಗಿದ್ದ, ತಿಂಗಳ ಬಾಡಿಗೆಯ ಒಂದನ್ನು ಆರಿಸಿದೆ. ಕೂಪನ್, ವಿಶ್‌ಲಿಸ್ಟ್, ಸ್ಟಾರ್ ರೇಟಿಂಗ್ ಎಲ್ಲ ಇತ್ತು. ನಾವು ತಗೊಂಡ ಪ್ಲಾನ್‌ನಲ್ಲಿ ಶಿಪ್ಪಿಂಗ್‌ಗೆ ಒಂದೇ ದರ ಹಾಕೋಕೆ ಆಗುತ್ತಿತ್ತು. 80 ರೂಪಾಯಿ ಹಾಕಿದೆ. ಆ 80 ರೂಪಾಯಿಯೇ ಆ ಬಿಲ್ಲಿಗೆ ಕಾರಣ.

ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ, ಡಬ್ಬದ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. ಹಪ್ಪಳ ಒಡೀಬಾರದು ಅಂತ ಅಕ್ಕ ದೊಡ್ಡ ಡಬ್ಬಕ್ಕೆ ಹಾಕಿ ಸುತ್ತಲೂ ಕಾಗದ ತುರುಕುತ್ತಿದ್ದರು. 30, 30, 15 ಸೆಂಟಿಮೀಟರ್ ಡಬ್ಬ. ಗುಣಿಸಿದರೆ 13,500, ಭಾಗಿಸಿದರೆ 2.7 ಕೆಜಿ. ಒಳಗಿದ್ದದ್ದು ಅರ್ಧ ಕೆಜಿ ಹಪ್ಪಳ. ಇಂಥ ಪಾರ್ಸೆಲ್ ದೆಹಲಿಗೋ ಪುಣೆಗೋ ಹೋದರೆ 80 ರೂಪಾಯಿ ಎಲ್ಲಿ ಸಾಲುತ್ತೆ? ಉಳಿದದ್ದು ಅಕ್ಕನ ಕೈಯಿಂದ ಹೋಯಿತು.

ಮರುದಿನ ಬೆಳಗ್ಗೆ ಶಿರಸಿ ಬಸ್ ಹತ್ತಿದೆ. ಲ್ಯಾಪ್‌ಟಾಪ್ ತೆಗೆಯದೆ ಇಡೀ ದಿನ ಅವರ ಪ್ಯಾಕಿಂಗ್ ಟೇಬಲ್ ಪಕ್ಕ ಕೂತೆ. ಒಂದು ಆರ್ಡರ್ ಬಂದಲ್ಲಿಂದ ಪಾರ್ಸೆಲ್ ಮನೆ ಬಿಡುವವರೆಗೆ ಏನೇನಾಗುತ್ತೆ ಅಂತ ಹಾಳೆಯಲ್ಲಿ ಬರೆದುಕೊಂಡೆ. ಇದನ್ನೇ ಮೊದಲು ಮಾಡಬೇಕಿತ್ತು.

ಅಲ್ಲಿ ಕಂಡ ಒಂದು ವಿಷಯ ಹೇಳಲೇಬೇಕು. ಭರಣಿಯಿಂದ ಉಪ್ಪಿನಕಾಯಿ ತೆಗೆದು ಗಾಜಿನ ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಅದರ ಸುತ್ತ ಟೇಪ್ ಸುತ್ತಿ, ಬಾಟ್ಲಿಯನ್ನು ಹಳೆ ಪೇಪರ್ ಮೇಲೆ ತಲೆಕೆಳಗಾಗಿ ಇಡುತ್ತಾರೆ. ಇಡೀ ರಾತ್ರಿ ಹಾಗೇ ಇರಬೇಕು. ಬೆಳಗ್ಗೆ ಎತ್ತಿ ಪೇಪರ್ ಮೇಲೆ ಎಣ್ಣೆ ಕಲೆ ಇದೆಯಾ ನೋಡುತ್ತಾರೆ. ಕಲೆ ಇದ್ದರೆ ಮುಚ್ಚಳ ಬದಲಿಸಿ ಮತ್ತೆ ಒಂದು ರಾತ್ರಿ. ಕಲೆ ಇಲ್ಲದ್ದು ಮಾತ್ರ ಡಬ್ಬಕ್ಕೆ ಹೋಗುತ್ತೆ. ಅಂದರೆ ಇವತ್ತಿನ ಆರ್ಡರ್ ಇವತ್ತೇ ಹೋಗಲ್ಲ, ನಾಳೆಯೂ ಎಲ್ಲವೂ ಹೋಗುತ್ತೆ ಅಂತಿಲ್ಲ. ನಾನು ಕೊಟ್ಟ ಕಾರ್ಟ್‌ನಲ್ಲಿ ಆರ್ಡರ್‌ಗೆ ಇದ್ದದ್ದು ಎರಡೇ ಸ್ಥಿತಿ: ಬಂದಿದೆ, ಕಳಿಸಿದೆ. ನಡುವೆ ತಲೆಕೆಳಗಾಗಿ ನಿಂತ ಬಾಟ್ಲಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಅವರು ಕಾರ್ಟ್ ಇದ್ದರೂ ಪಕ್ಕದಲ್ಲಿ ಅದೇ ಹಳೆ ನೋಟ್‌ಬುಕ್ ಇಟ್ಟುಕೊಂಡಿದ್ದರು. ನನಗೆ ತುಂಬಾ ಬೇಜಾರಾಯಿತು. ಅವರ ಕೆಲಸ ಕಡಿಮೆ ಮಾಡ್ತೀನಿ ಅಂತ ಹೋಗಿ ಎರಡು ಪಟ್ಟು ಮಾಡಿದ್ದೆ.

ಇನ್ನೊಂದು, ಸ್ಟಾಕ್. ಮಾಲು ಭರಣಿಯಲ್ಲಿರೋದು ಕೆಜಿ ಲೆಕ್ಕದಲ್ಲಿ. ಮಾರೋದು 250 ಗ್ರಾಂ, 500 ಗ್ರಾಂ, ಒಂದು ಕೆಜಿ ಬಾಟ್ಲಿಯಲ್ಲಿ. ಸಾಮಾನ್ಯವಾಗಿ ಕಾರ್ಟ್‌ಗಳು ನಗ ಲೆಕ್ಕ ಹಾಕುತ್ತವೆ, ಒಂದು ಕೆಜಿ ಬಾಟ್ಲಿ ಹೋದರೂ ಕಾಲು ಕೆಜಿ ಬಾಟ್ಲಿ ಹೋದರೂ ಅದಕ್ಕೆ ಒಂದೇ. ಭರಣಿ ಲೆಕ್ಕವನ್ನೇ ಕಾರ್ಟ್‌ಗೆ ಕಲಿಸೋಣ ಅಂತ ನಾನು ಹೊರಟಿದ್ದೆ. ಅಕ್ಕನೇ ತಡೆದರು. "ಭರಣೀಲಿ ಎಷ್ಟಿದೆ ಅಂತ ನಂಗೊತ್ತು ಮಾರಾಯಾ. ಬೆಳಗ್ಗೆ ಎಷ್ಟು ಬಾಟ್ಲಿ ರೆಡಿ ಇದ್ಯೋ ಅಷ್ಟನ್ನೇ ಮಾರಿದ್ರೆ ಆಯ್ತಲ್ಲ." ಆಯ್ತು. ಅವರು ಫೋನಿನಿಂದಲೇ ದಿನಾ ಮೂರು ಸಂಖ್ಯೆ ಹಾಕೋ ಹಾಗೆ ಇದ್ದರೆ ಸಾಕಿತ್ತು.

ಆಮೇಲೆ ನಾವು ವೂಕಾಮರ್ಸ್‌ಗೆ ಬಂದೆವು. ಇದೂ ಒಂದು ಕಾರ್ಟ್; ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ಕೂರುವ ಪ್ಲಗಿನ್ (ಜೋಡಿಸಿಕೊಳ್ಳುವ ಭಾಗ), 2011ರಿಂದ ಇದೆ, ಕೋಡ್ ಎಲ್ಲರಿಗೂ ತೆರೆದಿದೆ. ಹೊಸ ಆರ್ಡರ್ ಸ್ಥಿತಿ ಸೇರಿಸಬಹುದು, ಹಾಗಾಗಿ "ತಲೆಕೆಳಗೆ" ಅಂತಲೇ ಒಂದು ಮಾಡಿದೆವು. ಶಿಪ್ಪಿಂಗ್ ದರವನ್ನು ಪಿನ್‌ಕೋಡ್ ಪ್ರಕಾರ ಭಾಗ ಮಾಡಬಹುದು: 560* ಅಂತ ಹಾಕಿದರೆ 560ರಿಂದ ಶುರುವಾಗುವ ಬೆಂಗಳೂರಿನ ಪಿನ್‌ಕೋಡ್ ಎಲ್ಲ ಒಂದೇ ಗುಂಪಿಗೆ ಬರುತ್ತವೆ. ಡಬ್ಬವನ್ನು ಎರಡೇ ಅಳತೆಗೆ ಇಳಿಸಿ, ಹಪ್ಪಳಕ್ಕೂ ಬಾಟ್ಲಿಗೂ ಬೇರೆ ಬೇರೆ ದರ ಹಾಕಿದೆವು. ಮುಂದಿನ ತಿಂಗಳ ಬಿಲ್ಲಿನಲ್ಲಿ ಕೈಯಿಂದ ಹೋಗಿದ್ದು ಏನೂ ಇರಲಿಲ್ಲ.

ಕ್ಯಾಶ್ ಆನ್ ಡೆಲಿವರಿ ಬಗ್ಗೆ ನಮ್ಮಲ್ಲೇ ಜಗಳ ಆಯಿತು. ಇಲ್ಲದಿದ್ದರೆ ಜನ ತಗೊಳ್ಳಲ್ಲ ಅಂತ ಒಬ್ಬ, ಇಟ್ಟರೆ ಪಾರ್ಸೆಲ್ ವಾಪಸ್ ಬರುತ್ತೆ ಅಂತ ನಾನು. ಗಾಜಿನ ಬಾಟ್ಲಿ ಅಷ್ಟು ದೂರ ಹೋಗಿ, ಬಾಗಿಲಲ್ಲಿ ಬೇಡ ಅಂದು, ಮತ್ತೆ ಶಿರಸಿಗೆ ಬಂದರೆ ಎರಡೂ ಕಡೆಯ ಚಾರ್ಜು ಮಾರುವವರ ತಲೆಗೆ. ವೂಕಾಮರ್ಸ್‌ನಲ್ಲಿ ಇದನ್ನು ಕೆಲವು ಶಿಪ್ಪಿಂಗ್ ವಿಧಾನಗಳಿಗೆ ಮಾತ್ರ ಬಿಡುವ ಅವಕಾಶ ಇದೆ. ಕರ್ನಾಟಕದ ಒಳಗೆ ಬಿಟ್ಟೆವು, ಹೊರಗೆ ಇಲ್ಲ. ಈಗಲೂ ಅದೇ ಇದೆ.

ದುಡ್ಡಿನ ಲೆಕ್ಕವನ್ನು ಮಾತ್ರ ಶುರುವಿನಲ್ಲೇ ಪೆನ್ನು ಹಿಡಿದು ಮಾಡಿ. 450 ರೂಪಾಯಿ ಆರ್ಡರ್ ಅಂದುಕೊಳ್ಳಿ. ಪೇಮೆಂಟ್ ಗೇಟ್‌ವೇ (ಗಿರಾಕಿ ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನು ನಮಗೆ ತಲುಪಿಸುವ ಸೇವೆ) 2% ತಗೊಂಡರೆ 9 ರೂಪಾಯಿ, ಆ 9ರ ಮೇಲೆ 18% ಜಿಎಸ್‌ಟಿ, ಒಟ್ಟು 10 ರೂಪಾಯಿ 62 ಪೈಸೆ. ಕಾರ್ಟ್‌ನವರೂ ಪ್ರತಿ ಆರ್ಡರ್ ಮೇಲೆ ತಗೊಂಡರೆ ಅದು ಬೇರೆ. ಉದಾಹರಣೆಗೆ ಶಾಪಿಫೈ ಅನ್ನೋ ಬಾಡಿಗೆ ಕಾರ್ಟ್‌ನ ಸ್ವಂತ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲ, ಹೊರಗಿನ ಗೇಟ್‌ವೇ ಬಳಸಬೇಕು, ಅದಕ್ಕೆ ಬೇಸಿಕ್ ಪ್ಲಾನ್‌ನಲ್ಲಿ ನಾನು ನೋಡಿದಾಗ 2% ಶುಲ್ಕ ಇತ್ತು, ತಿಂಗಳ ಬಾಡಿಗೆ ಬಿಟ್ಟು. ಇದು ಮುಚ್ಚಿಟ್ಟ ವಿಷಯ ಅಲ್ಲ, ಅವರ ದರಪಟ್ಟಿಯಲ್ಲೇ ಬರೆದಿರುತ್ತೆ. ಓದಬೇಕು ಅಷ್ಟೆ.

ಹಾಗಂತ ಬಾಡಿಗೆ ಕಾರ್ಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ವೂಕಾಮರ್ಸ್ ಪ್ಲಗಿನ್ ಫ್ರೀ, ಆದರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗ), ಡೊಮೇನ್‌ಗೆ (ಸೈಟ್ ಹೆಸರು) ದುಡ್ಡು ಕೊಡಬೇಕು, ಅಪ್‌ಡೇಟ್ ಮಾಡಬೇಕು, ಬ್ಯಾಕಪ್ ಇಡಬೇಕು, ಹಬ್ಬದ ದಿನ ಸೈಟ್ ಬಿದ್ದರೆ ಎತ್ತೋಕೆ ಯಾರಾದರೂ ಬೇಕು. ಅಕ್ಕನಿಗೆ ನಾವಿದ್ದೇವೆ. ಯಾರೂ ಇಲ್ಲದೆ ಒಬ್ಬರೇ ಸೀರೆ ಮಾರುವ ಬೆಂಗಳೂರಿನ ಇನ್ನೊಬ್ಬರಿಗೆ ನಾನೇ ಬಾಡಿಗೆಯದ್ದು ಹೇಳಿದೆ. ಸೀರೆ ಮಡಿಚಿದರೆ ಒಂದೇ ಅಳತೆ ಕವರ್, ಸೋರಲ್ಲ, ಒಡೆಯಲ್ಲ, ಒಂದೇ ಶಿಪ್ಪಿಂಗ್ ದರ ಸಾಕು. ಅವರಿಗೆ ಅದು ಚೆನ್ನಾಗೇ ನಡೀತಿದೆ.

ಜಿಎಸ್‌ಟಿ ವಿಷಯಕ್ಕೆ ನೀವು ಸಿಎ ಹತ್ರ ಹೋಗಲೇಬೇಕು. ವಹಿವಾಟು ಚಿಕ್ಕದಿದ್ದರೂ, ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ನೋಂದಣಿ ಬೇಕು, ಇದು ಎಷ್ಟೋ ಮನೆ ವ್ಯಾಪಾರದವರಿಗೆ ಗೊತ್ತೇ ಇರಲ್ಲ. ಕಾರ್ಟ್ ಕಡೆಯಿಂದ ನೋಡಬೇಕಾದ್ದು ಇಷ್ಟು: ಒಂದೊಂದು ಸಾಮಾನಿಗೆ ಬೇರೆ ತೆರಿಗೆ ಹಾಕೋಕೆ ಆಗುತ್ತಾ? ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ರಾಜ್ಯದೊಳಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡಾಗುತ್ತೆ, ಹೊರಗೆ ಐಜಿಎಸ್‌ಟಿ ಒಂದೇ. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಉಪ್ಪಿನಕಾಯಿಯದ್ದು 12%ರಿಂದ 5%ಗೆ ಇಳಿಯಿತು. ನಮ್ಮಲ್ಲಿ ತೆರಿಗೆಯನ್ನು ಗುಂಪು ಮಾಡಿ ಇಟ್ಟಿದ್ದರಿಂದ ಒಂದೇ ಕಡೆ ತಿದ್ದಿದೆವು.

ಕನ್ನಡದ ಬಗ್ಗೆ ನನಗೆ ಸ್ವಲ್ಪ ಹಟ. ಸಾಮಾನಿನ ಹೆಸರು ಕನ್ನಡದಲ್ಲೇ ಇರಬೇಕು ಅಂತ ಅಕ್ಕನಿಗೂ ಆಸೆ. ಸೈಟಲ್ಲಿ ಚೆನ್ನಾಗಿ ಕಾಣಿಸಿತು. ಪಿಡಿಎಫ್ ಬಿಲ್ ತೆಗೆದರೆ ಅಕ್ಷರ ಒಡೆದು ಹೋಯಿತು, "ಅಪ್ಪೆಮಿಡಿ"ಯ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಂತಿತ್ತು. ಬಿಲ್ ತಯಾರಿಸುವ ಕೆಲವು ಸಾಧನಗಳಿಗೆ ನಮ್ಮ ಲಿಪಿಯ ಒತ್ತಕ್ಷರ ಜೋಡಿಸೋಕೆ ಬರಲ್ಲ. ಒಳ್ಳೆ ಫಾಂಟ್ ಹಾಕಿದರೂ ಸರಿ ಹೋಗಲ್ಲ, ಜೋಡಿಸುವ ಕೆಲಸವೇ ಬೇರೆ. ಕೊನೆಗೆ ಬಿಲ್ಲನ್ನು ಪಿಡಿಎಫ್ ಮಾಡದೆ ಬ್ರೌಸರ್‌ನಿಂದಲೇ ನೇರ ಪ್ರಿಂಟ್ ತೆಗೆದೆವು, ಬ್ರೌಸರ್‌ಗೆ ಕನ್ನಡ ಸರಿಯಾಗಿ ಬರುತ್ತೆ. ನೀವು ಯಾವ ಕಾರ್ಟ್ ನೋಡಿದರೂ "ಅಪ್ಪೆಮಿಡಿ", "ಚಕ್ಕುಲಿ" ತರಹದ ಹೆಸರು ಹಾಕಿ ಬಿಲ್ ತೆಗೆದು ನೋಡಿ, ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಆದ ಮೇಲೂ ಒಂದು ತಪ್ಪು ಆಯಿತು, ಅದೂ ದೀಪಾವಳಿ ಹಿಂದಿನ ವಾರ. ಮೈಸೂರಿನಿಂದ ಗಿರಾಕಿಯೊಬ್ಬರು ಅಕ್ಕನಿಗೆ ಫೋನ್ ಮಾಡಿ, ದುಡ್ಡು ಕಟ್ ಆಗಿದೆ, ಪಾರ್ಸೆಲ್ ಯಾವಾಗ ಬರುತ್ತೆ ಅಂತ ಕೇಳಿದರು. ನಮ್ಮ ಪಟ್ಟಿಯಲ್ಲಿ ಆ ಆರ್ಡರ್ ಕ್ಯಾನ್ಸಲ್ ಅಂತ ಇತ್ತು. ಗೇಟ್‌ವೇ ಪಟ್ಟಿ ಒಂದು ಕಡೆ, ನಮ್ಮ ಪಟ್ಟಿ ಒಂದು ಕಡೆ ಇಟ್ಟು ರಾತ್ರಿ ಕೂತು ಹೋಲಿಸಿದೆ. ದುಡ್ಡು ಬಂದೂ ಕ್ಯಾನ್ಸಲ್ ಆದವು ಮೂರು ಸಿಕ್ಕವು. ಆಗಿದ್ದು ಇಷ್ಟೆ: ಗಿರಾಕಿ ಯುಪಿಐ ಆ್ಯಪ್‌ಗೆ ಹೋಗಿ ದುಡ್ಡು ಕಟ್ಟುತ್ತಾರೆ, ಮತ್ತೆ ಬ್ರೌಸರ್‌ಗೆ ವಾಪಸ್ ಬರದೆ ಫೋನ್ ಇಟ್ಟುಬಿಡುತ್ತಾರೆ. ಆಗ ದುಡ್ಡು ಬಂದಿದ್ದನ್ನು ಗೇಟ್‌ವೇ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ತಿಳಿಸಬೇಕು, ಅದಕ್ಕೆ ವೆಬ್‌ಹುಕ್ ಅಂತಾರೆ. ನಾನು ಅದನ್ನು ಟೆಸ್ಟ್ ಮೋಡ್‌ನಲ್ಲಿ (ನಿಜವಾದ ದುಡ್ಡಿಲ್ಲದೆ ಪರೀಕ್ಷಿಸುವಾಗ) ಹಾಕಿದ್ದೆ, ಲೈವ್‌ನಲ್ಲಿ (ನಿಜವಾದ ದುಡ್ಡು ಬರುವಾಗ) ಹಾಕೋದು ಮರೆತಿದ್ದೆ. ಎರಡಕ್ಕೂ ಬೇರೆ ಬೇರೆ ಹಾಕಬೇಕು. ದುಡ್ಡು ಬಂದ ಸುದ್ದಿ ಇಲ್ಲದ ಆರ್ಡರನ್ನು ಕಾರ್ಟ್ 60 ನಿಮಿಷ ಕಾದು, ಹಿಡಿದಿಟ್ಟ ಸ್ಟಾಕ್ ಬಿಟ್ಟು, ಕ್ಯಾನ್ಸಲ್ ಮಾಡಿತು. ಕಾರ್ಟ್ ತನ್ನ ಕೆಲಸ ಸರಿಯಾಗೇ ಮಾಡಿದೆ.

ಮೂರೂ ಜನಕ್ಕೆ ಅಕ್ಕ ಅವತ್ತೇ ಫೋನ್ ಮಾಡಿದರು. ನಾನು ಮಾಡ್ತೀನಿ ಅಂದರೂ ಬಿಡಲಿಲ್ಲ, "ನನ್ನ ಗಿರಾಕಿ, ನಾನೇ ಮಾತಾಡ್ಬೇಕು" ಅಂದರು. ಈಗ ಹೊಸ ಅಂಗಡಿ ಯಾವುದನ್ನು ಶುರು ಮಾಡಿದರೂ ಹತ್ತು ರೂಪಾಯಿಯ ಒಂದು ಸಾಮಾನು ಹಾಕಿ, ನನ್ನದೇ ಫೋನಿನಿಂದ ನಿಜವಾದ ದುಡ್ಡು ಕಟ್ಟಿ, ಕಟ್ಟಿದ ತಕ್ಷಣ ಬ್ರೌಸರ್ ಮುಚ್ಚಿಬಿಡುತ್ತೇನೆ. ಹಾಗಿದ್ದೂ ಆರ್ಡರ್ ಬಂದಿದ್ದರೆ ಮಾತ್ರ ಸೈಟ್ ಜನರಿಗೆ ಬಿಡೋದು.

ಬಾಡಿಗೆ ಕಾರ್ಟ್ ಬಿಡುವಾಗ ಸಾಮಾನಿನ ಪಟ್ಟಿ, ಗಿರಾಕಿಗಳ ಅಡ್ರೆಸ್ ಎಲ್ಲ ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಸಿಕ್ಕಿತು, ಅದೊಂದು ಪುಣ್ಯ. ಪಾಸ್‌ವರ್ಡ್ ಬರಲ್ಲ, ಗಿರಾಕಿಗಳು ಹೊಸದಾಗಿ ಮಾಡಿಕೊಂಡರು. ಸೇರುವ ದಿನವೇ "ಬಿಡುವಾಗ ನಮ್ಮ ಡೇಟಾ ಹೇಗೆ ತಗೊಂಡು ಹೋಗೋದು" ಅಂತ ಕೇಳಿ, ಡೌನ್‌ಲೋಡ್ ಮಾಡಿಯೇ ನೋಡಿ.

ಈಗ ಅಕ್ಕನಿಗೆ ಮುಂಗಡ ಬುಕಿಂಗ್ ಬೇಕಂತೆ. ಮಿಡಿ ಬರುವ ಮುಂಚೆಯೇ ಹಳೆ ಗಿರಾಕಿಗಳು ನಮಗಿಷ್ಟು ಇಡಿ ಅಂತ ಹೇಳಿಡುತ್ತಾರೆ, ಮರ ಬಿಟ್ಟಷ್ಟೇ ಮಾಲು, ಎಷ್ಟು ಸಿಗುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ. ಅದಕ್ಕೆ ಪ್ಲಗಿನ್ ಬೇಕಾದಷ್ಟಿವೆ, ಇನ್ನೂ ಒಂದನ್ನೂ ತೆರೆದಿಲ್ಲ. ಹೋದ ವರ್ಷದ ಬುಕಿಂಗ್ ಬರೆದ ನೋಟ್‌ಬುಕ್ ಎತ್ತಿಡಿ ಅಂತ ಹೇಳಿದ್ದೇನೆ, ಸೋಮವಾರ ಬಸ್ ಹತ್ತಬೇಕು.